ಇಪ್ಪತ್ತೇಳನೇ ಉಪವಾಸದ ಮದುಮಗಳು

ರಂಜಾನಿನಲ್ಲಿ ಕಾಯಿಲೆಯ ಮಗುವನ್ನು ಗುರುತು ಹಿಡಿಯುವುದು ಹೇಗೆ, ನೀವೇ ಹೇಳಿ. ಸೆಫ್ರೂ ಪಟ್ಟಣಕ್ಕೆ ಪಟ್ಟಣವೇ ಹಗಲು ಉಣ್ಣುವುದಿಲ್ಲ, ರಾತ್ರಿ ನಿದ್ದೆ ಮಾಡುವುದಿಲ್ಲ, ಹೊತ್ತುಗೊತ್ತಿಲ್ಲದೆ ದೇವರ ಮಾತಾಡುತ್ತದೆ. ಎಂಟು ವರ್ಷದ ನುಹೈಲಾ ಮಾಡುತ್ತಿದ್ದದ್ದೂ ಅದನ್ನೇ. ಅವಳ ತಾಯಿ ಬತೂಲ್ ಮಾತ್ರ ಹಗಲುರಾತ್ರಿ ಮಗಳ ಹಿಂದೆಯೇ ಸುತ್ತುತ್ತಿದ್ದಳು.

ಇದೇ ಮಗು ಚಳಿಗಾಲವಿಡೀ ಗೋಡೆಗೆ ಮುಖ ಮಾಡಿ ಮಲಗಿತ್ತು. "ನಾನು ಹುಟ್ಟಲೇಬಾರದಿತ್ತಮ್ಮ" ಎಂದಿತ್ತು. ಈಗ ನೋಡಿದರೆ ಕಣ್ಣಿಗೆ ಕಣ್ಣು ಹಚ್ಚುವುದಿಲ್ಲ, ಒಂದು ಮಾತು ಮುಗಿಯುವುದರೊಳಗೆ ಹತ್ತು ಮಾತು. ಮೊನ್ನೆ ತಾರಸಿಯ ಮೋಟುಗೋಡೆ ಹತ್ತಿ ಕೈ ಚಾಚಿ ನಿಂತಿದ್ದಳು. ಬತೂಲ್ ಹಿಂದಿನಿಂದ ಹೋಗಿ ಸೊಂಟ ಹಿಡಿದು ಎಳೆದುಕೊಂಡಳು.

"ದೇವರ ಮಗು ಕಣೇ ಅದು. ನಿನ್ನ ಹೊಟ್ಟೇಲಿ ಹುಟ್ಟಿದ್ದೇ ನನಗೆ ಆಶ್ಚರ್ಯ" ಎಂದಳು ಅತ್ತೆ ತಾಮು. ನೆರೆಯ ಹೆಂಗಸರು ತಮ್ಮ ಕೂಸುಗಳನ್ನು ತಂದು ನುಹೈಲಾಳ ಕೈಯಿಂದ ತಲೆ ಮುಟ್ಟಿಸಿಕೊಂಡು ಹೋಗುತ್ತಿದ್ದರು.

ಮೊದಲ ಉಪವಾಸ ಹಿಡಿದ ಹುಡುಗಿಯನ್ನು ರಂಜಾನಿನ ಇಪ್ಪತ್ತೇಳನೇ ದಿನ ಮದುಮಗಳಂತೆ ಸಿಂಗರಿಸಿ ಫೋಟೋ ತೆಗೆಸುವುದು ಅಲ್ಲಿನ ವಾಡಿಕೆ. ಈ ವರ್ಷ ಅದು ನುಹೈಲಾಳಿಗೆ. ಚಳಿಗಾಲದಿಂದ ಕಾದಿದ್ದ ಫೆಸ್ ನಗರದ ಮನೋರೋಗದ ಡಾಕ್ಟರ ಸರದಿ ಬಂದದ್ದೂ ಅದೇ ದಿನ.

"ಅಮ್ಮ ಊರಿಗೆಲ್ಲ ಹೇಳಿಬಿಟ್ಟಿದ್ದಾರೆ. ಹಬ್ಬ ಆದ್ಮೇಲೆ ಹೋದ್ರಾಯ್ತು ಬಿಡು" ಎಂದ ಗಂಡ ಜವಾದ್.

"ಅಲ್ಲೀತನಕ ಆ ಡಾಕ್ಟ್ರು ನಮಗೋಸ್ಕರ ಕಾಯ್ತಾ ಕೂತಿರ್ತಾರಾ?"

ಫೋಟೋ ಮುಗಿದದ್ದೇ ತಡ, ಬತೂಲ್ ಮಗಳನ್ನು ಟ್ಯಾಕ್ಸಿ ಹತ್ತಿಸಿದಳು. ನುಹೈಲಾ ಕಿರೀಟ ತೆಗೆಯಲು ಒಪ್ಪಲಿಲ್ಲ. ಕೈತುಂಬ ಮದರಂಗಿ, ಜರಿಯ ನಿಲುವಂಗಿ, ಹಾಗೆಯೇ ಹೋಗಿ ಡಾಕ್ಟರ ಮುಂದೆ ಕೂತಳು.

"ಚಳಿಗಾಲವಿಡೀ ಗೋಡೆ ನೋಡ್ತಾ ಮಲಗಿದ್ಲು. ಈಗ ನಿದ್ದೇನೇ ಮಾಡಲ್ಲ ಡಾಕ್ಟ್ರೇ. ಗೋಡೆ ಹತ್ತಿ ಹಾರೋಕೆ ಹೋಗಿದ್ಲು" ಎಂದಳು ಬತೂಲ್.

"ಯಾಕಮ್ಮಾ ಹತ್ತಿದೆ?" ಉಪವಾಸದಲ್ಲಿ ಬಾಯೊಣಗಿದ್ದ ಡಾಕ್ಟರು ನಗುತ್ತ ಕೇಳಿದರು.

"ಈ ರಾತ್ರಿಗಳಲ್ಲಿ ದೇವದೂತರು ಇಳೀತಾರೆ ಅಂತ ಅಜ್ಜಿ ಹೇಳಿದ್ಲು. ಹತ್ತಿರದಿಂದ ನೋಡೋಣ ಅಂತ ಹೋದೆ."

ಡಾಕ್ಟರ ಮುಖ ಕರಗಿಹೋಯಿತು. ದೇವದೂತರು ಇಳಿಯುವುದಿಲ್ಲ ಎಂದು ಬತೂಲ್ ಯಾವ ಬಾಯಲ್ಲಿ ಹೇಳಿಯಾಳು? ಅವಳೂ ನಂಬಿದವಳೇ.

"ಈ ತಿಂಗಳು ನನಗೂ ನಿದ್ದೆ ಇಲ್ಲಮ್ಮ. ಚುರುಕು ಮಗು. ಹಬ್ಬ ಕಳೀಲಿ, ಆಗಲೂ ಹೀಗೇ ಇದ್ರೆ ಬನ್ನಿ."

ಹಬ್ಬ ಕಳೆಯಿತು. ನುಹೈಲಾ ಮತ್ತೆ ಗೋಡೆಗೆ ಮುಖ ಮಾಡಿದಳು. "ನೋಡಿದೋರ ಕಣ್ಣು ತಾಗ್ತು" ಎಂದು ತಾಮು ಧೂಪ ಹಾಕಿದಳು. ಕೂಸುಗಳನ್ನು ತಂದಿದ್ದ ಹೆಂಗಸರು ಈ ಕಡೆ ತಲೆ ಹಾಕಲಿಲ್ಲ.

ಬತೂಲ್ ಮಗಳನ್ನು ಹೊತ್ತುಕೊಂಡೇ ಫೆಸ್‌ಗೆ ಹೋದಳು. ಡಾಕ್ಟರು ಮಗುವನ್ನು ನೋಡಿದರು, ಮಾತಾಡಿಸಿದರು, ಮಗು ಗೋಡೆಯ ಕಡೆ ಮುಖ ತಿರುಗಿಸಿತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆವತ್ತು ನಾನು ಕಿರೀಟ ನೋಡಿದೆ, ಮಗೂನ ನೋಡ್ಲಿಲ್ಲ. ಆ ಉಕ್ಕು, ಈ ಕುಸಿತ, ಎರಡೂ ಒಂದೇ ಕಾಯಿಲೆ. ಬೈಪೋಲಾರ್ ಇರಬೇಕು. ಇಷ್ಟು ಚಿಕ್ಕವರಿಗೆ ಔಷಧಿ ಕೊಡೋ ಅನುಭವ ನನಗಿಲ್ಲಮ್ಮ. ಕಾಸಾಬ್ಲಾಂಕಾದಲ್ಲಿ ಒಬ್ರಿದ್ದಾರೆ."

ಅಲ್ಲಿಗೆ ಅವರೇ ಫೋನ್ ಮಾಡಿದರು. ಬಹಳ ಹೊತ್ತು ಬೇಡಿಕೊಂಡರು. ಮುಂದಿನ ಚಳಿಗಾಲದ ಮೊದಲು ಸರದಿ ಸಿಗಲಿಲ್ಲ.

"ಅಲ್ಲೀತನಕ ನಾನೇನು ಮಾಡಲಿ?"

"ಹತ್ತಿರಾನೇ ಇರಿ. ತಾರಸಿ ಬಾಗಿಲಿಗೆ ಬೀಗ ಹಾಕಿ."

ಇಷ್ಟು ಓದಿ ಕಲಿತದ್ದು ಬೀಗ ಹಾಕುವುದನ್ನೇ ಎಂದು ಕೇಳಬೇಕೆನಿಸಿತು. ಬಾಯಿಗೆ ಬಂದದ್ದು ದೇವರು ನಿಮಗೆ ಒಳ್ಳೇದು ಮಾಡಲಿ ಎಂಬ ಮಾತು. ಅದನ್ನೇ ಹೇಳಿ ಎದ್ದುಬಂದಳು.

ಮನೆಯಲ್ಲಿ ತಾಮು ಮದುಮಗಳ ಫೋಟೋಗೆ ಚೌಕಟ್ಟು ಹಾಕಿಸಿ, ಬಂದವರಿಗೆಲ್ಲ ಕಾಣುವಂತೆ ನಡುಮನೆಯಲ್ಲಿ ತೂಗುಹಾಕಿದ್ದಳು. ಬತೂಲ್ ಅದರ ಕಡೆ ನೋಡದೆ ಮೇಲೆ ಹೋಗಿ ಬೀಗ ಜಡಿದು ಬಂದು, ಮಗಳ ಬೆನ್ನಿಗೆ ಒತ್ತಿ ಮಲಗಿದಳು. ಎಷ್ಟೋ ಹೊತ್ತಿನ ಮೇಲೆ ಗೋಡೆಯ ಕಡೆಯಿಂದ ಸಣ್ಣ ದನಿ ಬಂತು.

"ಅಮ್ಮಾ, ಮತ್ತೆ ರಂಜಾನ್ ಯಾವಾಗ ಬರುತ್ತೆ?"

"ಕೇಳಿದ್ಯಾ, ಎಂಥ ಭಕ್ತಿ" ಎಂದಳು ನಡುಮನೆಯಿಂದ ತಾಮು.

ಬತೂಲ್ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮಲಗಿದ್ದಳು.