ಕತ್ರಿಗುಪ್ಪೆಯ ಬಾವಿ ಕೇಸು

ವಕೀಲ ಜಯಸಿಂಹನ ಗಂಟಲು ಎಂಥದ್ದೆಂದರೆ, ಅವನು ಸೆಷನ್ಸ್ ಕೋರ್ಟಿನಲ್ಲಿ ಎದ್ದು ನಿಂತು ಒಮ್ಮೆ ಕೆಮ್ಮಿದರೆ ಕಬ್ಬನ್ ಪಾರ್ಕಿನ ಕಾಗೆಗಳೆಲ್ಲ ಲಾಲ್‌ಬಾಗಿಗೆ ಗುಳೆ ಹೋಗುತ್ತಿದ್ದವು. ಐವತ್ತೆಂಟನೆಯ ಇಸವಿಯ ಮಾತು. ಅವನು ಮನೆ ಮಾಡಿದ್ದ ಜಯನಗರದಲ್ಲಿ ಆಗಿನ್ನೂ ಮನೆಗಳಿಗಿಂತ ನರಿಗಳೇ ಜಾಸ್ತಿ. ಸಂಜೆ ಖಾಲಿ ಸೈಟುಗಳ ನಡುವೆ ನಿಂತು ಅವನು ಮಾರನೆಯ ದಿನದ ವಾದ ಒಪ್ಪಿಸುತ್ತಿದ್ದರೆ, ನರಿಗಳು ಊಳಿಡುವುದು ಬಿಟ್ಟು ತಪ್ಪೊಪ್ಪಿಕೊಂಡವರಂತೆ ತಲೆ ತಗ್ಗಿಸಿ ಕೂರುತ್ತಿದ್ದವು. ವಕೀಲಿ ಹಿಡಿದು ಮೂರು ವರ್ಷವಾಗಿತ್ತು. ಅವನು ಹೇಳುವುದು ಕೇಳಿದರೆ ಮೂವತ್ತು.

ಎರಡೂ ಕಡೆ ನಿಂತು ಪಳಗಿದವನು. ಸರ್ಕಾರಿ ವಕೀಲ ಗಂಗಾಧರಯ್ಯನವರು ಕೆಲಸ ಹೆಚ್ಚಾದಾಗ ಸಣ್ಣಪುಟ್ಟ ಕಳ್ಳತನದ ಕೇಸುಗಳನ್ನು ಇವನ ಕಡೆ ದಾಟಿಸುತ್ತಿದ್ದರು. ಹಾಗೆ ಸರ್ಕಾರದ ಪರ ನಿಂತು ಮೈಸೂರು ಸೀಮೆಯ ಅರ್ಧದಷ್ಟು ಸೈಕಲ್ ಕಳ್ಳರನ್ನು ಜೈಲಿಗೆ ಅಟ್ಟಿದ್ದ. ಅಟ್ಟುತ್ತ ಅಟ್ಟುತ್ತ ಒಂದು ಗುಟ್ಟು ಕಂಡುಕೊಂಡಿದ್ದ: ಜಡ್ಜರ ಮುಂದೆ ವಿವರಣೆ ಕೊಡಲು ಹೋದ ಆರೋಪಿಗಳೆಲ್ಲ ಸಿಕ್ಕಿಬೀಳುತ್ತಿದ್ದರು, ಏನು ಕೇಳಿದರೂ ‘ಸುಳ್ಳು’ ಎಂದು ಬಾಯಿ ಮುಚ್ಚಿಕೊಂಡವರು ಮನೆಗೆ ಹೋಗುತ್ತಿದ್ದರು.

ಕತ್ರಿಗುಪ್ಪೆಯ ಸೊಣ್ಣಮ್ಮನಿಗೆ ವಕೀಲರನ್ನು ಇಟ್ಟುಕೊಳ್ಳುವ ಶಕ್ತಿಯಿಲ್ಲವೆಂದು ಕೋರ್ಟೇ ಅವಳ ಪರವಾಗಿ ಜಯಸಿಂಹನನ್ನು ನೇಮಿಸಿತು. ಗಂಡ ಬೋರಣ್ಣ ಇನ್ನೊಬ್ಬಳನ್ನು ತಂದು ಇವಳನ್ನು ಮನೆಯಿಂದ ಹೊರಗೆ ಹಾಕಿದ್ದ. ಮಾರನೆಯ ಬೆಳಿಗ್ಗೆ ಅವಳೂ ಅವಳ ನಾಲ್ಕು ವರ್ಷದ ಮಗ ಮುನಿಯನೂ ತೋಟದ ಬಾವಿಯಲ್ಲಿದ್ದರು. ಜನ ಹಗ್ಗ ಬಿಟ್ಟು ಎತ್ತಿದರು. ಅವಳು ಬದುಕಿದಳು, ಮಗು ಬದುಕಲಿಲ್ಲ. ಮಗುವನ್ನು ಎತ್ತಿಕೊಂಡೇ ಹಾರಿದಳು, ಇದು ಕೊಲೆ ಎಂದರು ಪೊಲೀಸರು. ಮಗು ಕಾಲು ಜಾರಿ ಬಿತ್ತು, ಉಳಿಸಲು ತಾಯಿ ಹಾರಿದಳು ಎಂದ ಜಯಸಿಂಹ. ಅವರದು ಗೆದ್ದರೆ ನೇಣು, ಇಲ್ಲವೇ ಜೀವಾವಧಿ; ಇವನದು ಗೆದ್ದರೆ ಬಿಡುಗಡೆ. ನಿಜವಾಗಿ ಏನಾಯಿತೆಂದು ಅವನು ಅವಳನ್ನು ಕೇಳಿರಲಿಲ್ಲ. ಇಷ್ಟು ಒಳ್ಳೆಯ ಕತೆ ಕೈಯಲ್ಲಿರುವಾಗ ಕೇಳುವುದಾದರೂ ಏಕೆ?

“ನೋಡಮ್ಮ,” ಎಂದ, ಕೋರ್ಟಿನ ವರಾಂಡದಲ್ಲಿ. “ಜಡ್ಜು ಸಾಹೇಬ್ರು ಏನ್ ಕೇಳಿದ್ರೂ ಸುಳ್ಳು ಅನ್ನು.”

“ದಿಟ ಕೇಳುದ್ರೆ ಸಾಮಿ?”

“ಅದಕ್ಕೂ ಸುಳ್ಳು ಅಂತಲೇ ಅನ್ನು. ಬೇರೆ ಮಾತೇ ಬೇಡ.”

ಅವಳ ಕಾವಲಿಗೆ ನಿಂತಿದ್ದ ಪೊಲೀಸಿನವನು ನಕ್ಕ. “ಈ ಪಾಠ ನಂಗೂ ಬೇಕಿತ್ತು ಸಾರ್. ಎಲ್ಲಿಗ್ಹೋಗಿದ್ದೆ ಅಂತ ಮನೇಲಿ ದಿನಾ ವಿಚಾರಣೆ ನಡೀತದೆ.”

ಕಣ್ಣಾರೆ ಕಂಡೆ ಎಂದವನು ಒಬ್ಬನೇ: ಸೊಪ್ಪು ಬೆಳೆಯುವ ಮುದುಕ ತಿಮ್ಮರಾಯಪ್ಪ. ಜಯಸಿಂಹ ಪಾಟೀಸವಾಲಿಗೆ ಎದ್ದ.

“ಬಾವಿ ನಿಮ್ಮಿಂದ ಎಷ್ಟು ದೂರ ಇತ್ತು ತಿಮ್ಮರಾಯಪ್ಪನೋರೆ?”

“ಕೂಗುದ್ರೆ ಕೇಳೋಷ್ಟು.”

“ಯಾರು ಕೂಗಿದ್ರೆ?”

“ನೀವು ಕೂಗುದ್ರೆ ಮದ್ರಾಸ್‌ಗೂ ಕೇಳ್ತದೆ ಬುದ್ಧಿ.”

ಕೋರ್ಟು ನಕ್ಕಿತು. ಜಯಸಿಂಹನೂ ನಕ್ಕು, “ಆ ಗೋಡೆ ಗಡಿಯಾರದಲ್ಲಿ ಈಗ ಗಂಟೆ ಎಷ್ಟು, ಹೇಳಿ,” ಎಂದ.

ಮುದುಕ ಕಣ್ಣು ಕಿರಿದು ಮಾಡಿದ, ದೊಡ್ಡದು ಮಾಡಿದ, ಕತ್ತು ಮುಂದೆ ಚಾಚಿದ. “ಗೋಡೆ ಯಾವ ಕಡೀಗದೆ?” ಎಂದ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಪೊಲೀಸರ ಕೇಸು ಬುಡ ಸಮೇತ ಉರುಳಿತು.

ಜಯಸಿಂಹ ಅಲ್ಲಿಗೇ ಕೂರಬಹುದಿತ್ತು. ಕೂರಲಿಲ್ಲ. “ಆ ಹುಡುಗ ಮಹಾ ತುಂಟ, ಯಾರ ಮಾತೂ ಕೇಳ್ತಿರ್ಲಿಲ್ಲ, ದಿನಾ ಬಾವಿ ಕಟ್ಟೆ ಹತ್ತಿ ಕುಣೀತಿದ್ದ. ಅಲ್ವಾ?”

“ಇರಬೋದು ಬುದ್ಧಿ. ಹುಡುಗ್ರಲ್ವಾ?”

ಆರೋಪಿಯ ಕಟಕಟೆಯಲ್ಲಿ ಸೊಣ್ಣಮ್ಮ ಆ ದಿನ ಮೊದಲ ಬಾರಿಗೆ ತಲೆ ಎತ್ತಿದಳು. ಅದನ್ನು ಯಾರೂ ಗಮನಿಸಲಿಲ್ಲ. ಗಂಗಾಧರಯ್ಯನವರು ಪಕ್ಕಕ್ಕೆ ವಾಲಿ, “ಗೆದ್ದೆ ಬಿಡಯ್ಯ. ಸಂಜೆ ಕಾಫಿ ಕೊಡಿಸು,” ಎಂದು ಪಿಸುಗುಟ್ಟಿದರು.

ಆರೋಪಿಯ ಹೇಳಿಕೆಯೊಂದು ಬಾಕಿಯಿತ್ತು. ಜಡ್ಜರು ವಯಸ್ಸಾದವರು, ಮೆತ್ತಗಿನ ಮಾತಿನವರು.

“ಗಂಡ ನಿಮ್ಮನ್ನ ಮನೆಯಿಂದ ಹೊರಗೆ ಹಾಕಿದ್ರು ಅಂತ ಸಾಕ್ಷಿ ಇದೆ. ಏನ್ ಹೇಳ್ತೀರಮ್ಮ?”

“ಸುಳ್ಳು.”

“ಬೆಳಿಗ್ಗೆ ಮಗೂನ ಕರ್ಕೊಂಡು ತೋಟದ ಕಡೆ ಹೋದ್ರಿ ಅಂತ ಇದೆ.”

“ಸುಳ್ಳು.”

“ನಿಮ್ಮೂರು ಕತ್ರಿಗುಪ್ಪೆ ತಾನೆ?”

“ಸುಳ್ಳು.”

ಈ ಸಲ ಜಡ್ಜರೂ ನಕ್ಕರು. ಜಯಸಿಂಹನ ಎದೆ ಉಬ್ಬಿದ ರಭಸಕ್ಕೆ ಕರಿಕೋಟಿನ ಗುಂಡಿ ಹಾರಿ ಹೈಕೋರ್ಟಿನ ಅಂಗಳಕ್ಕೆ ಬೀಳುವುದೊಂದು ಬಾಕಿ. ಜಡ್ಜರು ಪೆನ್ನು ಕೆಳಗಿಟ್ಟು, ಅವಳನ್ನು ಮನೆಗೆ ಕಳಿಸಲೆಂದೇ ಕೊನೆಯ ಪ್ರಶ್ನೆ ಕೇಳಿದರು.

“ಮಗು ಕಟ್ಟೆ ಹತ್ತಿ, ಕಾಲು ಜಾರಿ ಬಿತ್ತು. ಉಳಿಸೋಕೆ ನೀವು ಹಾರಿದ್ರಿ. ನಿಮ್ಮ ವಕೀಲರು ಹಾಗಂತಾರೆ. ಹೌದು ತಾನೆ?”

“ಸುಳ್ಳು.”

ಯಾರೂ ನಗಲಿಲ್ಲ. ಜಯಸಿಂಹ ಧಡಕ್ಕನೆ ಎದ್ದ. “ಸ್ವಾಮಿ, ಎಲ್ಲದಕ್ಕೂ ಹಾಗೇ ಅನ್ನು ಅಂತ ನಾನೇ ಹೇಳ್ಕೊಟ್ಟಿದ್ದು. ಪ್ರಶ್ನೆ ಅವಳಿಗೆ ತಿಳೀಲಿಲ್ಲ. ತಪ್ಪು ನಂದು.”

ಆರೋಪಿಗೆ ಉತ್ತರ ಬಾಯಿಪಾಠ ಮಾಡಿಸಿದ್ದೆನೆಂದು ತೆರೆದ ಕೋರ್ಟಿನಲ್ಲಿ ಒಪ್ಪಿಕೊಂಡರೆ ಕರಿಕೋಟೇ ಹೋದೀತು ಎಂಬುದು ಅವನಿಗೆ ಗೊತ್ತಿತ್ತು. “ನಿಮ್ಮ ವಿಚಾರ ಆಮೇಲೆ. ಕೂತ್ಕೊಳ್ಳಿ,” ಎಂದ ಜಡ್ಜರು ಅವಳ ಕಡೆ ತಿರುಗಿದರು. “ಹೇಳ್ಕೊಟ್ಟಿದ್ದೆಲ್ಲ ಬಿಟ್ಟುಬಿಡಿ ಅಮ್ಮ. ಇನ್ನೊಂದು ಸಲ ಕೇಳ್ತೀನಿ, ಯೋಚನೆ ಮಾಡಿ ಹೇಳಿ. ಮಗು ಜಾರಿ ಬಿತ್ತಾ?”

ಜಯಸಿಂಹ ಅವಳನ್ನೇ ನೋಡುತ್ತ ಹೌದು ಹೌದು ಎಂದು ತಲೆಯಾಡಿಸಿದ. ಅವಳೂ ಅವನನ್ನು ನೋಡಿದಳು.

“ಮಿಕ್ಕಿದ್ದೆಲ್ಲ ಅವ್ರು ಹೇಳ್ಕೊಟ್ಟಿದ್ದು ಬುದ್ಧಿ. ಇದು ನಂದು. ನನ್ ಮಗ ಕಟ್ಟೆ ಹತ್ತೋನಲ್ಲ. ಇಷ್ಟು ಜನದ ಮುಂದೆ ಅವನನ್ನ ತುಂಟ ಅಂದ್ರು, ಮಾತು ಕೇಳ್ತಿರಲಿಲ್ಲ ಅಂದ್ರು. ನಾನು ಹೇಳಿದ್ ಮಾತು ಅವನು ಒಂದಿನಾನೂ ಮೀರಿದ್ದಿಲ್ಲ. ಬಾವಿ ಹತ್ರ ನಿಂತ್ಕೊಂಡು ಬಾ ಅಂದೆ. ಬಂದ. ಕತ್ತು ಗಟ್ಟಿಯಾಗಿ ತಬ್ಕೊ ಅಂದೆ. ತಬ್ಕೊಂಡ.”

ಜಡ್ಜರು ಪೆನ್ನು ಕೈಗೆತ್ತಿಕೊಂಡು ಅಷ್ಟನ್ನೂ ಬರೆದುಕೊಂಡರು. ಬರೆಯುವಷ್ಟು ಹೊತ್ತು ಗಂಗಾಧರಯ್ಯನವರು ನೆಲ ನೋಡುತ್ತ ಕೂತಿದ್ದರು. ವಾದ ಏನಾದರೂ ಇದೆಯೇ ಎಂದು ಕೇಳಿದಾಗ ಜಯಸಿಂಹ ಎದ್ದು, ನೇಣು ಮಾತ್ರ ಬೇಡ ಎಂದ. ಗಂಗಾಧರಯ್ಯನವರೂ ಎದ್ದು, ಸರ್ಕಾರವೂ ನೇಣು ಕೇಳುವುದಿಲ್ಲ ಎಂದರು. ಜೀವಾವಧಿಯಾಯಿತು. ದಯೆ ತೋರಿಸಬೇಕೆಂದು ಸರ್ಕಾರಕ್ಕೆ ಬರೆಯುವುದಾಗಿ ಜಡ್ಜರು ಹೇಳಿದರು. ಅವಳಿಗೆ ಅದು ಅರ್ಥವಾಯಿತೋ ಇಲ್ಲವೋ.

ಜೈಲಿನ ವ್ಯಾನು ಬರುವವರೆಗೆ ಅವಳನ್ನು ವರಾಂಡದಲ್ಲಿ ಕೂರಿಸಿದ್ದರು. ಜಯಸಿಂಹ ಬಂದು ಎದುರು ನಿಂತ.

“ಬೇಜಾರು ಮಾಡ್ಕೋಬೇಡಿ ಸಾಮಿ,” ಎಂದಳು ಸೊಣ್ಣಮ್ಮ. “ನೀವು ಚೆನ್ನಾಗೇ ಮಾತಾಡಿದ್ರಿ. ತಿಮ್ಮರಾಯಪ್ಪಂಗೆ ಕಣ್ಣು ಕಾಣಲ್ಲ ಅಂದ್ರಲ್ಲ, ಅದು ದಿಟ. ಆವತ್ತು ಅವನು ಸೊಪ್ಪಿಗೆ ನೀರು ಕಟ್ತಾ ಅಲ್ಲೇ ಇದ್ದ. ಮಗೂನ ಎತ್ಕೊಂಡು ಕಟ್ಟೆ ಮೇಲೆ ಬೋ ಹೊತ್ತು ಅವನ ಕಡೀಗೇ ನೋಡ್ತಾ ನಿಂತಿದ್ದೆ. ಕಂಡಿದ್ದಿದ್ರೆ ಓಡ್ಬಂದು ಹಿಡ್ಕೋತಿದ್ದ.”

ವ್ಯಾನು ಬಂತು. ಪೊಲೀಸಿನವನು ಏಳಮ್ಮ ಎಂದ. ಅವಳು ಎದ್ದಳು.