ಒಬ್ಬರಿಗಾಗುವಷ್ಟು ಬುತ್ತಿ

ಪೀಣ್ಯದ ಆ ಸರ್ಕಾರಿ ಕಚೇರಿಯಲ್ಲಿ ಸಿಕ್ಕ ಉಪಚಾರ ನೋಡಿಯೇ ನನಗೆ ಮೈ ಉರಿಯಿತು. ವಿಚಾರಣೆ ನಡೆಸಲು ಬಂದವಳಿಗೆ ಎಳನೀರು, ಗೋಡಂಬಿ!

ಕಾರ್ಖಾನೆಗಳ ಬಾಯ್ಲರ್ ನೋಡದೆಯೇ ಸುರಕ್ಷತೆಯ ಸರ್ಟಿಫಿಕೇಟ್ ಕೊಡುತ್ತಾರೆಂದು ಮೇಲಧಿಕಾರಿ ಗದಿಗೆಪ್ಪನವರ ಮೇಲೆ ದೂರಿತ್ತವಳು ಇಲ್ಲಿನ ಗುಮಾಸ್ತೆ ದಾನೇಶ್ವರಿ. ಅಂದಿನಿಂದ ತನ್ನ ಮೇಜನ್ನು ಜನರೇಟರ್ ಶೆಡ್ಡಿಗೆ ಹಾಕಿದ್ದಾರೆ, ತನ್ನ ಜೊತೆ ಯಾರೂ ಮಾತಾಡಕೂಡದೆಂದು ತಾಕೀತು ಮಾಡಿದ್ದಾರೆ ಎಂಬುದು ಅವಳ ಅಳಲು. ಅದು ಸುಳ್ಳೆಂದು ನಾನು ಬರೆದರೆ ಅವಳ ಕೆಲಸ ಹೋಗುತ್ತದೆ.

ಇವತ್ತು ಮೇಜು ಒಳಗೇ ಇತ್ತು. ಬೆಳಗಿನಿಂದ ನಾನು ಕೇಳಿದವರೆಲ್ಲ ಒಂದೇ ಪಾಠ ಒಪ್ಪಿಸಿದರು.

"ಒಂದೇ ಮನೆಯವ್ರ ಥರ ಇದ್ದೀವಿ ಮೇಡಂ. ದಿನಾ ಎಲ್ರೂ ಒಟ್ಟಿಗೇ ಊಟ," ಎಂದರು ಗದಿಗೆಪ್ಪ.

"ಹಾಗಾದ್ರೆ ನಾನೂ ನಿಮ್ಮ ಜೊತೆನೇ ಕೂರ್ತೀನಿ."

ಡಬ್ಬಿಗಳು ತೆರೆದವು. ಚಿತ್ರಾನ್ನ, ಚಪಾತಿ, ಪಲ್ಯ, ಎಲ್ಲವೂ ಹಂಚಿ ಮಿಗುವಷ್ಟು. ದಾನೇಶ್ವರಿಯ ಪುಟ್ಟ ಡಬ್ಬಿಯಲ್ಲಿ ಮಾತ್ರ ಎರಡೇ ಜೋಳದ ರೊಟ್ಟಿ, ಚೂರು ಶೇಂಗಾ ಚಟ್ನಿ. ಹಂಚಿ ತಿನ್ನುವ ಕಚೇರಿಗೆ ಯಾರೂ ಹೀಗೆ ಅಳೆದು ಕಟ್ಟಿಕೊಂಡು ಬರುವುದಿಲ್ಲ. ಮೇಜನ್ನು ಒಳಗೆ ತಂದವರಿಗೆ ಇದು ಹೊಳೆದಿರಲಿಲ್ಲ. ಆದರೆ ಡಬ್ಬಿಯನ್ನು ಸಾಕ್ಷಿಯೆಂದು ಬರೆಯಲಾಗದು, ಯಾರಾದರೂ ಬಾಯಿ ಬಿಡಬೇಕಿತ್ತು.

ಎದುರಿಗೆ ಸವಿತಾ ಕೂತಿದ್ದಳು. ಗುತ್ತಿಗೆಯ ಮೇಲಿರುವ ಕಂಪ್ಯೂಟರ್ ಆಪರೇಟರ್, ಮೊದಲು ದಾನೇಶ್ವರಿಯ ಜೀವದ ಗೆಳತಿ.

"ದಾನೇಶ್ವರಿಯವರ ರೊಟ್ಟಿ ನೀವು ಕೊನೆಗೆ ತಿಂದಿದ್ದು ಯಾವಾಗಮ್ಮ?"

"ನಿ... ನಿನ್ನೆ ಮೇಡಂ." ಕಣ್ಣು ಗದಿಗೆಪ್ಪನವರ ಕಡೆಗಿತ್ತು. ನನಗೆ ಸಿಟ್ಟೂ ಬಂತು, ಪಾಪವೂ ಅನ್ನಿಸಿತು.

ದಾನೇಶ್ವರಿ ಜಗಳಕ್ಕಿಳಿಯಲಿಲ್ಲ. ರೊಟ್ಟಿ ಮುರಿದು, ಚಟ್ನಿ ಹಚ್ಚಿ, ಮೇಜಿನಾಚೆ ಕೈ ಚಾಚಿದಳು. "ತಗೋ ಸವಿತಾ. ನಿನಗ ಭಾಳ ಸೇರ್ತಿತ್ತಲ್ಲ."

ಸವಿತಾ ತುತ್ತು ಬಾಯಿಗಿಟ್ಟಳು. ನುಂಗಲಾಗಲಿಲ್ಲ.

"ಸುಳ್ಳು ಮೇಡಂ," ಎಂದಳು ಕೊನೆಗೆ. "ಯುಗಾದಿ ಆದ್ಮೇಲೆ ಇವತ್ತೇ ತಿಂತಿರೋದು. ಅವ್ರ ಹತ್ರ ಮಾತಾಡಿದ್ರೆ ನನ್ನ ಕಾಂಟ್ರ್ಯಾಕ್ಟ್ ಮುಂದುವರ್ಸಲ್ಲ ಅಂತ ಸಾರ್ ಅಂದಿದ್ರು."

"ಯೋಚ್ನೆ ಮಾಡಿ ಮಾತಾಡಮ್ಮ." ಗದಿಗೆಪ್ಪನವರ ದನಿ ಮೆತ್ತಗಿತ್ತು. ಅದೇ ನನಗೆ ಭಯ ಹುಟ್ಟಿಸಿತು.

ಕೈ ತೊಳೆಯಲು ಎದ್ದರೆ ಅಷ್ಟರಲ್ಲಿ ಈ ಹುಡುಗಿಯ ಧೈರ್ಯ ಉಡುಗೀತೆಂದು, ಎಂಜಲು ಕೈಯನ್ನು ಸೆರಗಿಗೆ ಒರೆಸಿಕೊಂಡು ಅವಳ ಹೇಳಿಕೆಯನ್ನು ಅಲ್ಲೇ ಬರೆದುಕೊಂಡೆ. ಸವಿತಾ ಸಹಿ ಹಾಕಿದಳು. ಆಮೇಲೆ ತನ್ನ ಡಬ್ಬಿ ಎತ್ತಿಕೊಂಡು ಹೋಗಿ ದಾನೇಶ್ವರಿಯ ಪಕ್ಕ ಕೂತಳು.

"ನಾಳೆ ರೊಟ್ಟಿ ಜಾಸ್ತಿ ತನ್ನಿ ಅಕ್ಕಾ. ನನ್ನನ್ನೂ ಶೆಡ್ಡಿಗೇ ಹಾಕ್ತಾರೆ."