ಇಡೀ ಆಶ್ರಮ ದಪ್ಪಗಾದದ್ದು

ವೃದ್ಧಾಶ್ರಮದಲ್ಲಿ ಎಲ್ಲರೂ ಇದ್ದಕ್ಕಿದ್ದಂತೆ ದಪ್ಪಗಾದರು. ಅಂಗಿಯ ಗುಂಡಿ ಕೂಡಲಿಲ್ಲ, ಪೈಜಾಮ ಸೊಂಟ ದಾಟಲಿಲ್ಲ. ಹೆದರಿದ ಅಜ್ಜ ಅಜ್ಜಿಯರು ರಾತ್ರಿಯೂಟ ಬಿಟ್ಟರು. ಅಡುಗೆಯವನು ಮುಖ ಊದಿಸಿಕೊಂಡ.

ಒಂದು ಮಧ್ಯಾಹ್ನ, ಆಶ್ರಮದಲ್ಲೇ ಇದ್ದ ಟೈಲರ್ ಅಜ್ಜ ಸಿಕ್ಕಿಬಿದ್ದರು. ಒಗೆದ ಬಟ್ಟೆಯ ರಾಶಿಯ ಮುಂದೆ ಕೂತು ಒಂದೊಂದನ್ನೇ ಬಿಗಿ ಮಾಡಿ ಹೊಲಿಯುತ್ತಿದ್ದರು.

"ಎಲ್ಲಾ ಜೋಲು ಬಟ್ಟೆ. ಅಳತೆಗೆ ತಂದೆ, ತಪ್ಪಾ?" ಎಂದರು.

ಮ್ಯಾನೇಜರು ಅಜ್ಜನ ಮಗಳನ್ನು ಕರೆಸಿದರು. "ನಿಮ್ಮಪ್ಪನ್ನ ಕರ್ಕೊಂಡು ಹೋಗಮ್ಮ. ಸಾಕಾಯ್ತು."

ಮಗಳು ಬೆಳಗಿನಿಂದ ಸಂಜೆವರೆಗೆ ಬೇಕರಿಯಲ್ಲಿ ದುಡಿಯುವವಳು. ಮನೆಯ ಕಡಿದಾದ ಮೆಟ್ಟಿಲಲ್ಲಿ ಅಪ್ಪ ಒಮ್ಮೆ ಬಿದ್ದದ್ದೂ ಆಗಿತ್ತು. ಒಬ್ಬರನ್ನೇ ಬಿಟ್ಟುಹೋಗುವುದು ಹೇಗೆ?

ಅಷ್ಟರಲ್ಲಿ ಆಶ್ರಮದ ಸಮಾಜಕಾರ್ಯಕರ್ತೆ ಬಂದು, "ಮೊದಲು ತಾತನ ಹತ್ರ ಮಾತಾಡೋಣ ಅಕ್ಕಾ" ಎಂದಳು.

ದಿನವಿಡೀ ಮುದುಕರ ಜೊತೆ ಹರಟುವುದೇ ಇವಳ ಉದ್ಯೋಗ ಎಂದು ಮಗಳು ತಿಳಿದಿದ್ದಳು. "ಮಾತಾಡಿದ್ರೆ ಬಟ್ಟೆ ಸಡಿಲ ಆಗುತ್ತಾ ಮೇಡಂ?"

"ಬಟ್ಟೆ ಆಗಲ್ಲ, ಬಾಯಿ ಆಗಬಹುದು."

ಸಮಾಜಕಾರ್ಯಕರ್ತೆ ಅಜ್ಜನ ಪಕ್ಕ ಕೂತು ಸೂಜಿ ದಾರ ಕೊಟ್ಟಳು. "ಪೋಣಿಸಿ ತಾತ, ನನ್ನದೊಂದು ಗುಂಡಿ ಕಿತ್ತಿದೆ."

ದಾರ ಸೂಜಿಯ ಅತ್ತ ಹೋಯಿತು, ಇತ್ತ ಹೋಯಿತು. ಕೊನೆಗೆ ಸೂಜಿ ಅಜ್ಜನ ಬೆರಳಿಗೇ ಚುಚ್ಚಿತು.

ಪಕ್ಕದ ಕೋಣೆಯ ಅಜ್ಜಿ ತಡೆಯಲಾರದೆ, "ದಿನಾ ನಾನೇ ಅಲ್ವಾ ಪೋಣಿಸಿ ಕೊಡೋದು!" ಎಂದುಬಿಟ್ಟಳು.

ಅಜ್ಜನ ತಲೆ ತಗ್ಗಿತು. "ಕಣ್ಣೆಲ್ಲಾ ಮಂಜು ತಾಯಿ, ಅಳತೆ ಸರಿಯಾಗಿ ಕಾಣಲ್ಲ. ಮಗಳಿಗೆ ಹೇಳಬೇಡ. ದುಡಿದು ಸುಸ್ತಾಗಿರ್ತಾಳೆ, ಆಸ್ಪತ್ರೆ ಅಲೆದಾಟ ಬೇರೆ ಯಾಕೆ?"

ಬಾಗಿಲಲ್ಲಿ ನಿಂತಿದ್ದ ಮಗಳು ಒಳಗೆ ಬಂದು ಅಪ್ಪನ ಕೈಯಿಂದ ಸೂಜಿ ತೆಗೆದುಕೊಂಡಳು. ವಾರವಾರವೂ ಬರುತ್ತಿದ್ದಳು. "ಊಟ ಆಯ್ತಾ?" ಎಂದು ಕೇಳಿದ್ದಳೇ ಹೊರತು, ಇದನ್ನು ಕೇಳಿರಲಿಲ್ಲ.

"ತಾತನ್ನ ಹೊರಗೆ ಹಾಕಿದ್ರೆ ಕಣ್ಣಿನ ಪೊರೆ ಹೋಗಲ್ಲ ಸರ್, ಆಪರೇಷನ್ ಮಾಡಿಸಿದ್ರೆ ಹೋಗುತ್ತೆ" ಎಂದು ಸಮಾಜಕಾರ್ಯಕರ್ತೆ ಮ್ಯಾನೇಜರನ್ನು ಒಪ್ಪಿಸಿದಳು. ಸರ್ಕಾರಿ ಆಸ್ಪತ್ರೆಯಲ್ಲಿ ದಿನ ಗೊತ್ತುಮಾಡಿದಳು. ಸಿಟ್ಟಾದವರನ್ನೆಲ್ಲ ಕೂರಿಸಿ ಮಾತಾಡಿದಳು. ಕೇಳದೆ ಯಾರ ಬಟ್ಟೆಗೂ ಸೂಜಿ ಹಾಕಬಾರದು ಎಂದು ಅಜ್ಜನಿಂದಲೂ ಮಾತು ತಗೊಂಡಳು. ಅಂದು ರಾತ್ರಿ ಎಲ್ಲರೂ ಎರಡೆರಡು ಸಲ ಬಡಿಸಿಕೊಂಡರು.

ಆಪರೇಷನ್ ಆಗಿ ಕಣ್ಣಿನ ಪಟ್ಟಿ ಬಿಚ್ಚಿದ ದಿನ ಅಜ್ಜ ಮಗಳ ಮುಖ ನೋಡಿದರು, ಆಮೇಲೆ ಅವಳ ರವಿಕೆಯ ತೋಳು ನೋಡಿದರು.

"ಈ ತೋಳು ಯಾವ ಕಟುಕ ಹೊಲಿದಿದ್ದೇ?"

"ನೀನೇ ಅಪ್ಪಾ, ಹೋದ ತಿಂಗಳು!"

ತಾಯಂದಿರೇ, ಅಣ್ಣಂದಿರೇ, ಹಿರಿಯರನ್ನು ಆಶ್ರಮಕ್ಕೆ ಸೇರಿಸುವಾಗ ಹಾಸಿಗೆ, ಊಟ, ಬಚ್ಚಲು ನೋಡುತ್ತೀರಿ. ಜೊತೆಗೆ "ಇಲ್ಲಿ ಸಮಾಜಕಾರ್ಯಕರ್ತರು ಯಾರು?" ಎಂದೂ ಕೇಳಿ. ಹೋದಾಗಲೆಲ್ಲ ಅವರನ್ನೂ ಮಾತಾಡಿಸಿ. ಮಕ್ಕಳಿಗೆ ಹೊರೆಯಾದೀತೆಂದು ಹಿರಿಯರು ನುಂಗಿಕೊಂಡ ಮಾತು, ಎಷ್ಟೋ ಸಲ ಈ ಕಾರ್ಯಕರ್ತರ ಕಿವಿಗೇ ಮೊದಲು ಬೀಳುತ್ತದೆ.